ವೈರ್‌ಲೆಸ್ ಚಾರ್ಜರ್ ಅಟ್ಟ ಸೇರಿದ ವಾರ

ಆ ಮನೆಯ ಸೊಸೆಗೆ ಬುಕ್ ಬೈಂಡಿಂಗ್ ಕೆಲಸ. ಹಿಂದೆ ಪ್ರೆಸ್ಸಿನಲ್ಲಿದ್ದಾಗ ಕಾಗದ ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿ, ಬಲಗೈಯ ಬೆರಳುಗಳು ಸೆಟೆದುಹೋಗಿದ್ದವು. ಆದರೂ ಅವಳು ಕೈಚೆಲ್ಲಿ ಕೂತವಳಲ್ಲ. ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡು, ಎಡಗೈಯಲ್ಲಿ ಅಂಟು ಬಳಿದು, ಬಲ ಮೊಣಕೈಯಿಂದ ರಟ್ಟು ಒತ್ತಿ ಪುಸ್ತಕ ಕಟ್ಟುತ್ತಿದ್ದಳು. ಅವಳಿಗೆ ಆಗದೆ ಇದ್ದದ್ದು ಒಂದೇ: ಚಾರ್ಜರಿನ ಪುಟಾಣಿ ಪಿನ್ನನ್ನು ಫೋನಿನ ತೂತಿಗೆ ತೂರಿಸುವುದು. ದಿನಾ ಯಾರನ್ನಾದರೂ ಕರೆದು, ಸ್ವಲ್ಪ ಹಾಕಿಕೊಡಿ ಎಂದು ಕೇಳಬೇಕಿತ್ತು. ಹಾಗೆ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಕೊನೆಗೆ ಅವಳೇ ಹೋಗಿ ಒಂದು ವೈರ್‌ಲೆಸ್ ಚಾರ್ಜರ್ ತಂದಳು. ಬಿಲ್ಲೆಯಂಥ ಪ್ಯಾಡು. ಅದರ ಮೇಲೆ ಫೋನ್ ಇಟ್ಟರೆ ಮುಗಿಯಿತು, ತಾನೇ ಚಾರ್ಜ್ ಆಗುತ್ತದೆ. ಮೊದಲ ದಿನ ಅವಳು ಸುಮ್ಮಸುಮ್ಮನೆ ಫೋನನ್ನು ಇಡುವುದು, ತೆಗೆಯುವುದು ಮಾಡಿದಳು.

ಆ ಸಂತೋಷಕ್ಕೆ ಕಲ್ಲು ಹಾಕಿದ್ದು ಪೇಂಟ್ ಅಂಗಡಿಯ ಭಾವ, ಅಂದರೆ ಗಂಡನ ಅಣ್ಣ. ಮಾವನಿಗೆ ಆಗಷ್ಟೇ ಎದೆಯಲ್ಲಿ ಪೇಸ್‌ಮೇಕರ್ ಕೂರಿಸಿದ್ದರು. ಭಾವನ ಫೋನಿಗೆ ಯಾವುದೋ ಗುಂಪಿನಿಂದ ಮೆಸೇಜು ಬಂತು. ಇಂಥ ಪ್ಯಾಡಿನಿಂದ ಕರೆಂಟು ಗಾಳಿಯಲ್ಲಿ ಮನೆಯೆಲ್ಲಾ ಓಡಾಡುತ್ತದಂತೆ, ಕ್ಯಾನ್ಸರ್ ಬರುತ್ತದಂತೆ, ಪೇಸ್‌ಮೇಕರ್ ಇದ್ದವರು ಅದೇ ಮನೆಯಲ್ಲಿದ್ದರೆ ಎದೆಬಡಿತವೇ ನಿಂತುಹೋಗುತ್ತದಂತೆ. ಅತ್ತೆ ಹೆದರಿದರು. ಗಂಡ ಅಣ್ಣನಿಗೆ ಎದುರಾಡುವವನಲ್ಲ. ಡಾಕ್ಟರನ್ನೇ ಕೇಳೋಣ ಎಂದು ಸೊಸೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಪ್ಯಾಡು ಅಟ್ಟ ಸೇರಿತು. ಅದೇ ಭಯಕ್ಕೆ ಮಾವನ ಫೋನೂ ಆಫ್ ಆಗಿ ಬೀರು ಸೇರಿತು.

ಒಂದು ವಾರ ಕಳೆಯಿತು. ಅವತ್ತು ಬೆಳಿಗ್ಗೆ ಗಂಡ ಅವಳ ಫೋನನ್ನು ಚಾರ್ಜಿಗೆ ಹಾಕಲು ಮರೆತು ಕೆಲಸಕ್ಕೆ ಹೋದ. ಅತ್ತೆ ಹೊರಗೆ ಹೋಗಿದ್ದರು. ಒಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಸೊಸೆ ಹೋಗಿ ನೋಡಿದರೆ ಮಾವ ನೆಲದ ಮೇಲೆ, ಮೈಯೆಲ್ಲಾ ಬೆವರು. ಓಡಿ ಬಂದು ಫೋನ್ ಎತ್ತಿಕೊಂಡಳು. ಅದು ಸತ್ತಿತ್ತು. ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚುಚ್ಚಲು ನೋಡಿದಳು. ಆಗಲಿಲ್ಲ. ಅದನ್ನು ಬಿಸಾಕಿ ಬೀದಿಗೆ ಓಡಿದಳು. ಎದುರುಮನೆಗೆ ಸಿಲಿಂಡರ್ ಇಳಿಸುತ್ತಿದ್ದವನ ಫೋನಿನಿಂದ ಆಂಬುಲೆನ್ಸ್ ಕರೆಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮಾವನನ್ನು ನೋಡಿದರು. ಪೇಸ್‌ಮೇಕರನ್ನು ತಪಾಸಣೆ ಮಾಡುವ ಸಿಸ್ಟರ್ ಅದನ್ನೂ ಪರೀಕ್ಷಿಸಿ, ಏನೂ ತೊಂದರೆಯಿಲ್ಲ ಎಂದರು. ಮಾವ ಖಾಲಿ ಹೊಟ್ಟೆಯಲ್ಲಿ ಬಿಪಿ ಮಾತ್ರೆ ನುಂಗಿ ಗಕ್ಕನೆ ಎದ್ದಿದ್ದರು. ರಕ್ತದ ಒತ್ತಡ ಇಳಿದು ತಲೆ ಸುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಭಾವ ಅತ್ತೆಯನ್ನು ಕರೆದುಕೊಂಡು ಏದುಸಿರು ಬಿಡುತ್ತಾ ಬಂದ. ಬಂದವನೇ, "ಎಲ್ಲಾ ಆ ಪ್ಯಾಡಿನದೇ ಕೆಲಸ. ನಾನು ಮೊದಲೇ ಬಡ್ಕೊಂಡೆ," ಎಂದ.

ಸೊಸೆ ಅವನ ಮುಂದೆ ಬಂದು ನಿಂತಳು. "ಪ್ಯಾಡು ಅಟ್ಟದ ಮೇಲಿದೆ ಭಾವ. ವಾರದಿಂದ ಅದಕ್ಕೆ ಕರೆಂಟೇ ಇಲ್ಲ. ಮಾವ ಬಿದ್ದಾಗ ನನ್ನ ಕೈಯಲ್ಲಿ ಇದ್ದಿದ್ದು ಸತ್ತ ಫೋನು. ಅದನ್ನ ಸಾಯಿಸಿದ್ದು ನಿಮ್ಮ ಮೆಸೇಜು."

ಅವಳು ಸಿಸ್ಟರ್ ಕಡೆ ತಿರುಗಿ ಆ ಮೆಸೇಜಿನಲ್ಲಿದ್ದುದನ್ನೆಲ್ಲಾ ತಿಳಿಸಿದಳು. "ಇವರು ಹೇಳಿದ್ರಲ್ಲಿ ನಿಜ ಎಷ್ಟು, ಸುಳ್ಳೆಷ್ಟು, ಎಲ್ಲರ ಎದುರಿಗೇ ಹೇಳಿ. ನನ್ನದು ತಪ್ಪಿದ್ರೆ ನಾನೇ ಅದನ್ನ ಎಸೀತೀನಿ. ಇಲ್ಲದಿದ್ರೆ ಇನ್ನು ಯಾರು ಹೇಳಿದ್ರೂ ಬಿಡಲ್ಲ."

ಸಿಸ್ಟರ್ ನಗಲಿಲ್ಲ. ಭಯದಲ್ಲಿ ಒಂದು ಚೂರು ನಿಜವಿದೆ ಎಂದರು. ಪ್ಯಾಡಿನೊಳಗೆ ತಂತಿಯ ಸುರುಳಿ ಇದೆ, ಫೋನಿನ ಬೆನ್ನಲ್ಲೂ ಇದೆ. ಎರಡರ ನಡುವೆ ಶಕ್ತಿ ದಾಟುವುದು ಅಯಸ್ಕಾಂತದ ಬಲದಿಂದ, ಅದೂ ತೀರಾ ಹತ್ತಿರದಲ್ಲಿ. ಫೋನನ್ನು ಕೊಂಚ ಮೇಲೆತ್ತಿದರೂ ಚಾರ್ಜ್ ನಿಲ್ಲುತ್ತದೆ. ಮನೆಯೆಲ್ಲಾ ಓಡಾಡುವ ಮಾತೆಲ್ಲಿ? ಇದು ಎಕ್ಸ್‌ರೇ ತರಹದ ಕಿರಣವೂ ಅಲ್ಲ. ಇದರಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ.

"ಆದ್ರೆ ಪೇಸ್‌ಮೇಕರ್ ಇರೋರು ಒಂದು ಜಾಗ್ರತೆ ಮಾಡ್ಬೇಕು," ಎಂದರು. "ಪ್ಯಾಡು ಎದೆಯಿಂದ ಒಂದು ಮೊಳ ದೂರ ಇರ್ಲಿ. ಫೋನನ್ನ ಎದೆ ಜೇಬಲ್ಲಿ ಇಟ್ಕೋಬೇಡಿ, ಒಂದು ಗೇಣಾದ್ರೂ ದೂರ ಇಡಿ. ನಿಮ್ಮ ಡಾಕ್ಟರು ಬೇರೆ ಏನಾದ್ರೂ ಹೇಳಿದ್ರೆ ಅದನ್ನೇ ಕೇಳಿ. ಅಟ್ಟಕ್ಕೆ ಹಾಕೋ ಅಗತ್ಯ ಇಲ್ಲ."

ರಾತ್ರಿಯಿಡೀ ಇಟ್ಟರೆ ಬ್ಯಾಟರಿ ಸಿಡಿಯುವುದಿಲ್ಲವೇ ಎಂದು ಅತ್ತೆ ಮೆಲ್ಲಗೆ ಕೇಳಿದರು. ತುಂಬಿದ ಮೇಲೆ ಫೋನೇ ಚಾರ್ಜನ್ನು ತಡೆಯುತ್ತದೆ, ಬ್ಯಾಟರಿಗೆ ನಿಜವಾದ ಶತ್ರು ಬಿಸಿ ಎಂದರು ಸಿಸ್ಟರ್. ಫೋನಿಗೂ ಪ್ಯಾಡಿಗೂ ನಡುವೆ ಚಿಲ್ಲರೆ, ಬೀಗದ ಕೈ, ಬ್ಯಾಂಕ್ ಕಾರ್ಡು ಇಡಬಾರದು. ದಿಂಬು, ಹೊದಿಕೆಯ ಕೆಳಗೆ ಚಾರ್ಜ್ ಮಾಡಬಾರದು. ಕಂಪನಿಯ ಹೆಸರೇ ಇಲ್ಲದ ಪ್ಯಾಡು ಕೊಳ್ಳಬಾರದು. ತಂತಿಗಿಂತ ಇದು ಕೊಂಚ ನಿಧಾನ, ಕರೆಂಟೂ ತುಸು ಹೆಚ್ಚು ಎಳೆಯುತ್ತದೆ. ಅದನ್ನೂ ಅವರು ಮುಚ್ಚಿಡಲಿಲ್ಲ.

ಮಂಚದ ಮೇಲಿಂದ ಮಾವ ಬಾಯಿ ತೆರೆದರು. "ಎದೆ ನನ್ನದು. ನನ್ನನ್ನ ಒಬ್ಬರೂ ಕೇಳಲಿಲ್ಲ. ಮನೆಗೆ ಹೋದ ಕೂಡಲೇ ಅದನ್ನ ಕೆಳಗಿಳಿಸಿ."

ಭಾವನೇ ಏಣಿ ಹತ್ತಿ ಇಳಿಸಿದ. ಪ್ಯಾಡು ಬೈಂಡಿಂಗ್ ಮೇಜಿನ ಮೂಲೆಗೆ ಬಂತು, ಮಾವ ಕೂರುವ ಕುರ್ಚಿಗೆ ದೂರವಾಗಿ. ಮೆಸೇಜು ಬಂದ ಗುಂಪಿಗೆ ಭಾವ ನಿಜ ಸಂಗತಿ ಬರೆದು ಹಾಕಿದ. ಅಲ್ಲಿ ಒಬ್ಬ, ನಿಮಗೇನು ಗೊತ್ತು ಎಂದು ಜಗಳಕ್ಕೇ ಬಂದ. ಆಗ ಅತ್ತೆ ಭಾವನ ಫೋನ್ ಕಿತ್ತುಕೊಂಡು ಮಾತು ರೆಕಾರ್ಡ್ ಮಾಡಿ ಕಳಿಸಿದರು: "ನಮ್ಮನೇಲಿ ಪ್ಯಾಡೂ ಇದೆ, ಪೇಸ್‌ಮೇಕರೂ ಇದೆ. ಎರಡೂ ಚೆನ್ನಾಗಿ ಕೆಲಸ ಮಾಡ್ತಿವೆ. ನಿಮಗೆ ಹೇಳಿದ ಡಾಕ್ಟರ್ ಯಾರು, ಮೊದಲು ಅದನ್ನ ಹೇಳಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಫೋನಿಗೂ ಇಂಥ ಮೆಸೇಜು ಬಂದೀತು. ಅದಕ್ಕೆ ತಲೆಬಾಗಬೇಡಿ, ಮುಂದಕ್ಕೂ ತಳ್ಳಬೇಡಿ. ಯಾರು ಹೇಳಿದ್ದು ಎಂದು ಗಟ್ಟಿಯಾಗಿ ಕೇಳಿ. ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಡಾಕ್ಟರಲ್ಲಿ ವಿಚಾರಿಸಿ. ಜಾಗ್ರತೆ ಇರಲಿ. ಗಾಳಿಮಾತಿಗೆ ಹೆದರಿ ನಿಮ್ಮ ಅನುಕೂಲವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.