ಸಿಸ್ಟರ್ ಖುದ್ದು ಬಂದ ದಿನ

ದೌಲಪ್ಪ ಫೋನಿನ ರಿಸೀವರ್ ಎತ್ತಿ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿಬಿಟ್ಟ. ಬೆಳಗಿನಿಂದ ಅದು ಬಾರಿಸಿದ್ದೇ ಬಾರಿಸಿದ್ದು. ತಂಗಿಯ ಹೆಣ ಪಡಸಾಲೆಯಲ್ಲಿರುವಾಗ ಯಾವ ಅಣ್ಣ ತಾನೇ ಆ ಗಂಟೆಯ ಸದ್ದು ಸಹಿಸಿಯಾನು?

“ಸತ್ತ ಮನ್ಯಾಗ ಇದೇನು ಹಗಲೆಲ್ಲಾ ಟ್ರಿಣ್ ಟ್ರಿಣ್? ಇದೊಂದಿನಾರ ಸುಮ್ನಿರ್ಲಿ,” ಅಂದ.

ಆ ತಂಗಿ ಶೇವಂತಾಳ ಗಂಡ ಮಾಪಣ್ಣ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಸಂಜೆ ಹೆಂಡತಿ ಚಹಾ ಕುಡಿಯುತ್ತ ಕುಡಿಯುತ್ತಲೇ ಎದೆ ಒತ್ತಿಕೊಂಡು ಕುಸಿದಾಗಿನಿಂದ ಅವನು ಆ ಗೋಡೆ ಬಿಟ್ಟು ಎದ್ದಿರಲಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಸಣ್ಣ ಮನೆ ಜನರಿಂದ ಕಿಕ್ಕಿರಿದುಹೋಗಿತ್ತು. ಬುದ್ಧನ ಪಟದ ಕೆಳಗೆ ಬಿಳಿ ಸೀರೆಯುಟ್ಟು ಶೇವಂತಾ ಮಲಗಿದ್ದಳು. ಬಂದವರಲ್ಲಿ ಅರ್ಧಕ್ಕರ್ಧ ಜನ ಆ ಮುಖವನ್ನು ನೋಡುತ್ತಿದ್ದುದು ಇವತ್ತೇ ಮೊದಲು.

“ಅಯ್ಯ, ಇಷ್ಟು ಸಣ್ಣಾಕಿನಾ?” ಒಬ್ಬಾಕೆ ಮೂಗಿನ ಮೇಲೆ ಬೆರಳಿಟ್ಟಳು. “ಫೋನಿನ್ಯಾಗಿನ ಆ ದನಿಗಿ ಪೈಲ್ವಾನ್ ಹೆಂಗಸು ಇರಬೇಕು ಅಂತ ತಿಳಿದಿದ್ದೆ!”

ಅಷ್ಟರಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಜನರನ್ನು ಸರಿಸುತ್ತ ಒಳಗೆ ಬಂದಳು. ಹೆಣದ ಕಾಲು ಮುಟ್ಟಿದಳು, ಕಣ್ಣೊರೆಸಿಕೊಂಡಳು, ತಲೆಯೆತ್ತಿದವಳೇ ಮೇಜಿನ ಕಡೆ ನೋಡಿ ಸಿಡಿದಳು.

“ಅರೆ, ಯಾರು ಇಟ್ಟಾರ್ರಿ ಇದನ್ನ ಕೆಳಗ?”

ಮೂಲೆಯಲ್ಲಿ ಯಾರಿಗೂ ತಾಗದಂತೆ ಸೆರಗು ಹೊದ್ದು ಕೂತಿದ್ದ ಬ್ರಹ್ಮಪುರದ ಭಾಗೀರಥಿಬಾಯಿ ಥಟ್ಟನೆ ತಿರುಗಿದರು. “ಈ ದನಿ... ನೀ ಬಳೆ ಅಂಗಡಿ ಹಲೀಮಾ ಹೌದಲ್ಲ?”

“ಭಾಗೀರಥಿಬಾಯಾರಾ? ತಲಿಕೂದ್ಲ ಉದುರ್ತಂತ ದೇವರಮನ್ಯಾಗ ಕುಂತು ಅಳ್ತಿದ್ರಲ್ಲ, ನೀವೇನು?”

“ನಾನೇ ನೋಡವಾ, ನಾನೇ!”

ಇಬ್ಬರೂ ಫೋನಿನಲ್ಲಿ ತಾಸುಗಟ್ಟಲೆ ಮಾತಾಡಿದವರು. ಗುಣವಾದವರಿಂದ ಹೊಸ ರೋಗಿಗಳಿಗೆ ಫೋನ್ ಮಾಡಿಸುವುದು ಶೇವಂತಾಳ ಪದ್ಧತಿಯಾಗಿತ್ತು. ಮುಖಾಮುಖಿ ಭೇಟಿಯಾದದ್ದು ಈಗಲೇ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಹಲೀಮಾ ರಿಸೀವರ್ ಎತ್ತಿ ಸ್ವಸ್ಥಾನದಲ್ಲಿಟ್ಟಳು.

“ಫೋನ್ ಬಂದ್ ಇಟ್ಟೀರಿ ಅಂತ ಗೊತ್ತಾದ್ರ ಸಿಸ್ಟರ್ ಎದ್ದು ಕುಂತು ಬೈತಾರ, ನೋಡ್ರಿ ಮತ್ತ.”

*

1996ರಲ್ಲಿ ಬಸ್ಸು ಉರುಳಿ ಶೇವಂತಾಳ ಸೊಂಟ ಮುರಿದಿತ್ತು. ಅಲ್ಲಿಯವರೆಗೆ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿದ್ದ ಅವಳು ಕೂತದ್ದನ್ನು ಕಂಡವರಿರಲಿಲ್ಲ. ಈಗ ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ. ನೋಡಲು ಬಂದ ದೊಡ್ಡ ಡಾಕ್ಟರ ಮುಂದೆ ಅವಳು ಗೋಳೋ ಎಂದು ಅತ್ತುಬಿಟ್ಟಳು.

“ಕಾಲು ಹೋದ್ವು ಸಾಹೇಬ್ರ. ಕೆಲಸಾನೂ ಹೋತು.”

“ಬಾಯಿ ಗಟ್ಟಿ ಅದ ಅಲ್ರಿ?” ಅಂದರು ಡಾಕ್ಟರು. “ವಾರ್ಡಿನ್ಯಾಗ ನಮಗೆಲ್ಲಾ ಬೈತಿದ್ರಿ. ಅದನ್ನ ಮನ್ಯಾಗೇ ಕುಂತು ಮಾಡ್ರಿ.”

ಅವಳಿಗೆ ಗೊತ್ತಿತ್ತು. ಕೀಮೋ ಏರಿಸಿಕೊಂಡು ಊರಿಗೆ ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ವಾಂತಿಗೆ ಹೆದರಿ, ಉದುರುವ ಕೂದಲಿಗೆ ಹೆದರಿ, ಅತ್ತೆಯ ಮಾತಿಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದರು. ಆಸ್ಪತ್ರೆಯವರು ಅವಳ ಮನೆಗೆ ಫೋನು ಹಾಕಿಸಿದರು. ಹಳ್ಳಿಯವರು ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದರು. ಒಂದೊಂದು ಬೂತಿಗೂ ಶೇವಂತಾ ಒಂದು ಥರ್ಮಾಮೀಟರ್ ಕಳಿಸಿ, ಜ್ವರ ನೋಡುವುದನ್ನು ಬೂತಿನವನಿಗೇ ಕಲಿಸಿದಳು.

ಅವಳು ಹಲೋ ಅನ್ನುತ್ತಿರಲಿಲ್ಲ. “ಏನು ಉಂಡಿ?” ಅಲ್ಲಿಂದಲೇ ಮಾತು ಶುರು. ಕೂದಲು ಹೋಯಿತೆಂದು ಹಲೀಮಾ ಅತ್ತಾಗ, “ಹೋಗ್ಲಿ ಬಿಡು, ಎಣ್ಣಿ ಉಳೀತು. ಏನು ಉಂಡಿ ಮೊದಲ ಹೇಳು,” ಅಂದಿದ್ದಳು. ನಾಲ್ಕು ದಿನದಿಂದ ನೀರೂ ಇಳಿಯದವರು ಏನಾದರೂ ತಿಂದರೆಂದು ಕೇಳಿದಾಗ ಮಾತ್ರ ಹಿಗ್ಗಿ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದಳು: “ಗಂಜಿ ಉಂಡಾಳ!”

“ಭೇಷ್!” ಎಂದು ಒಳಗಿನಿಂದ ಮಾಪಣ್ಣ ಉತ್ತರ ಕೊಡುತ್ತಿದ್ದ.

ತಾನು ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಮನೆಯ ಅಡುಗೆ ಅವನದೇ. ಉದ್ದನೆಯ ವಾಯರಿನ ಫೋನನ್ನು ಹೆಂಡತಿಯ ತೊಡೆಯ ಮೇಲೆ ತಂದಿಡುವುದೂ ಅವನೇ. ಆದರೆ ರಿಸೀವರ್ ಮಾತ್ರ ಎತ್ತುತ್ತಿರಲಿಲ್ಲ. ಮೊದಮೊದಲು ಒಮ್ಮೆ ಎತ್ತಿದ್ದ. ಆ ಕಡೆಯಿಂದ ಗಂಡಸೊಬ್ಬ, “ನಮ್ಮಾಕಿ ಹೋದ್ಲ್ರಿ,” ಎಂದು ಬಿಕ್ಕಿದ್ದ. ಅವತ್ತು ಮಾಪಣ್ಣ ಊಟ ಮಾಡಲಿಲ್ಲ. ಮತ್ತೆ ಅದನ್ನು ಕಿವಿಗೆ ಹಚ್ಚಲೂ ಇಲ್ಲ.

*

ಹಲೀಮಾ ರಿಸೀವರ್ ಇಟ್ಟು ಇನ್ನೂ ಕೂತಿರಲಿಲ್ಲ, ಫೋನು ಬಾರಿಸಿತು. ದೌಲಪ್ಪ ತಲೆ ಚಚ್ಚಿಕೊಂಡ. ಅವಳು ಎತ್ತಿದಳು. ಹಲೋ ಅನ್ನಲು ಹೋದ ಬಾಯಿ ತಾನಾಗಿಯೇ ಹೊರಳಿತು.

“ಏನು ಉಂಡಿ?”

“ಸಿಸ್ಟರ್! ನಾ ಮಕ್ಸೂದ್, ಕಮಲಾಪುರ ಬೂತಿನಾಂವ. ಬೆಳಗಿನಿಂದ ಹಚ್ಚಾಕತ್ತೀನಿ, ಎಲ್ಲಿ ಹೋಗಿದ್ರಿ? ಬಂಡೆಮ್ಮಗ ಜ್ವರ ಬಂದದ. ಈಗ ನೋಡ್ದೆ, ನೂರಾಎರಡು. ಇಲ್ಲೇ ಬೆಂಚಿನ ಮ್ಯಾಲ ನಡಗಾಕತ್ತಾಳ.”

ಹಲೀಮಾ ಕೇಳಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿದಳು.

“ಕೀಮೋ ಯಾವಾಗ ಆಗ್ಯಾದ ಕೇಳು,” ಭಾಗೀರಥಿಬಾಯಿ ಎದ್ದು ನಿಂತರು.

“ಹತ್ತು ದಿನ ಆತಂತ.”

ಕೂತವರಲ್ಲಿ ಗುಣವಾಗಿ ಬಂದವರಿಗೆಲ್ಲ ಇದರ ಅರ್ಥ ತಿಳಿದಿತ್ತು. ಆ ದಿನಗಳಲ್ಲಿ ರಕ್ತದಲ್ಲಿ ಕಸುವು ಇರುವುದಿಲ್ಲ; ಜ್ವರ ಬಂದರೆ ಗುಳಿಗೆ ನುಂಗಿ ಮಲಗಬಾರದು, ಕೂಡಲೇ ಆಸ್ಪತ್ರೆಗೆ ಬರಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಶೇವಂತಾ ಇದನ್ನು ಒಬ್ಬೊಬ್ಬರಿಂದಲೂ ಬಾಯಿಪಾಠ ಒಪ್ಪಿಸಿಕೊಂಡಿದ್ದಳು.

“ಜೀಪ್ ಮಾಡಿಕೊಂಡು ಬರ್ರಿ ಅನ್ನು.”

“ಊರಾಗಿನ ಜೀಪೆಲ್ಲಾ ಮದುವಿಗಿ ಹೋಗ್ಯಾವಂತ. ಬಸ್ಸಿನ್ಯಾಗ ನಿಂದ್ರಾಕ ಜಾಗ ಇಲ್ಲಂತ, ಆಕೀಗಿ ಕುಂದ್ರಾಕೂ ಆಗವಲ್ದಂತ.”

ಎಲ್ಲರ ಕಣ್ಣೂ ಬಾಗಿಲಾಚೆ ಹೋದವು. ಅಲ್ಲಿ ಚೆಂಡುಹೂವಿನ ಸರ ಕಟ್ಟಿಸಿಕೊಂಡ ಟೆಂಪೋ ನಿಂತಿತ್ತು. ಶೇವಂತಾಳ ತವರೂರೂ ಕಮಲಾಪುರವೇ. ಮಣ್ಣು ಅಲ್ಲೇ. ಈಗಲೇ ಹೊರಟರೆ ಹೆಣ ಇಳಿಸಿ ಅದೇ ಗಾಡಿಯಲ್ಲಿ ಬಂಡೆಮ್ಮನನ್ನು ಕರೆತರಬಹುದಿತ್ತು. ಆದರೆ ಹೊರಡುವುದು ಇಳಿಹೊತ್ತಿಗೆ ಎಂದು ನಿಕ್ಕಿಯಾಗಿತ್ತು.

“ಅದ್ಹೆಂಗ ಆಗ್ತದ?” ದೌಲಪ್ಪ ಎದ್ದ. “ಸೊಲ್ಲಾಪುರದಿಂದ ದೊಡ್ಡಕ್ಕ ಬರಾಕತ್ತಾಳ, ಮಾರಿ ನೋಡಬೇಕು. ಮಣ್ಣಿಗಿ ಶರಣ ಹೇಳೋ ಭಂತೇಜಿ ಬರಬೇಕು. ತಂಗಿನ್ನ ಹಂಗೇ ಎತ್ತಿ ಹಾಕ್ಕೊಂಡು ಓಡ್ಲೇನು? ಮ್ಯಾಲ ಹೆಣದ ಗಾಡ್ಯಾಗ ಬದುಕಿದ್ದಾಕಿ ಕುಂದ್ರತಾಳೇನು? ಯಾರರ ಕೇಳ್ಯಾರೇನು ಇಂಥಾದ್ದು?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಂಗಿಯನ್ನು ಮರ್ಯಾದೆಯಿಂದ ಕಳಿಸಬೇಕೆಂಬ ಆಸೆ ಪಾಪ ಅವನಿಗೂ ಇತ್ತು. ಹಲೀಮಾ ರಿಸೀವರಿಗೆ ಕೈ ಅಡ್ಡ ಹಿಡಿದು ಮಾಪಣ್ಣನ ಕಡೆ ನೋಡಿದಳು.

ಮಾಪಣ್ಣ ಗೋಡೆ ಹಿಡಿದು ಎದ್ದ. ಹೆಂಡತಿಯ ಮುಖ ನೋಡಿದ. ಹಣೆಯ ಮೇಲೆ ಜಾರಿದ್ದ ಸೆರಗು ಸರಿಮಾಡಿದ.

“ಎಂಟು ವರ್ಷ ಈಕಿ ಎಲ್ಲರ ಮನೀಗೂ ಫೋನಿನ್ಯಾಗೇ ಹೋದ್ಲು ಭಾವಾ. ಒಂದ್ಸಲರ ಖುದ್ದು ಹೋಗಿ ನೋಡಬೇಕು ಅಂತ ಬಡಕೊಳ್ತಿದ್ಲು, ನನ್ನ ಕಡಿಂದ ಆಗ್ಲಿಲ್ಲ. ಇವತ್ತು ಹೋಗ್ಲಿ. ಬೀದರದಿಂದ ಭಂತೇಜಿ ಬರೋ ಹಾದಿ ಕಮಲಾಪುರದ ಮ್ಯಾಲೇ ಅದ, ಅಲ್ಲೇ ಸಿಗ್ತಾರ. ದೊಡ್ಡಕ್ಕಗ ನಾ ಕಾಲು ಬೀಳ್ತೀನಿ. ಎತ್ತು, ಕೈ ಹಚ್ಚು.”

ದೌಲಪ್ಪ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದ.

“ಮಕ್ಸೂದ್ ಭಾಯಿ, ನಾ ಹಲೀಮಾ,” ಅವಳು ರಿಸೀವರಿನಿಂದ ಕೈ ತೆಗೆದಳು. “ಬಂಡೆಮ್ಮಗ ಹೇಳು, ಸಿಸ್ಟರ್ ಬರಾಕತ್ತಾರ ಅಂತ. ಹೌದು, ಖುದ್ದು.”

ಭಾಗೀರಥಿಬಾಯಿ ಆಗಲೇ ಫೋನಿನ ಪಕ್ಕದ ಕುರ್ಚಿಯಲ್ಲಿ, ಶೇವಂತಾಳ ಕುರ್ಚಿಯಲ್ಲಿ ಕೂತಿದ್ದರು. ಹೆಣ ನೋಡಿದರೆ ಸೀದಾ ಮನೆಗೆ ಹೋಗಿ ತಲೆಮೇಲೆ ನೀರು ಹೊಯ್ದುಕೊಳ್ಳುವ ಮಡಿಯ ಮನೆತನ ಅವರದು. “ಆಸ್ಪತ್ರಿಗಿ ನಾ ಹೇಳ್ತೀನಿ, ಹಾಸಿಗಿ ತಯಾರ ಇಡ್ಲಿಕ್ಕೆ. ನಿಮ್ಮ ದೊಡ್ಡಕ್ಕ ಬಂದ್ರ ಹಿಂದಿಂದ ಕಳಸ್ತೀನಿ. ಮತ್ತ ಯಾರದರ ಫೋನ್ ಬಂದ್ರ ನಾ ಇದ್ದೀನಿ. ನೀವು ನಡೀರಿ,” ಅಂದರು. ಮಾಪಣ್ಣ ಹೊಸ್ತಿಲು ದಾಟುವಾಗ ಮತ್ತೆ ಕರೆದರು. “ಅಲ್ರಿ, ಫೋನಿನ್ಯಾಗ ಹಿಂದಿನಿಂದ ಭೇಷ್ ಅಂತಿದ್ದವರು ನೀವೇನು?”

ಅವನು ಹೌದೆಂದು ತಲೆಯಾಡಿಸಿದ.

“ಆ ಒಂದು ಭೇಷ್ ಸಲುವಾಗಿ ನಾ ಎಷ್ಟು ಸಲ ಒತ್ತಾಯದಿಂದ ಉಂಡೀನಿ, ನಿಮಗೇನು ಗೊತ್ತು!”

*

ಬಂಡೆಮ್ಮ ಮೊದಲ ಸಲ ಮಕ್ಸೂದನ ಬೂತಿಗೆ ಬಂದದ್ದು ಬೇಸಿಗೆಯಲ್ಲಿ. ರಿಸೀವರ್ ಹಿಡಿಯಲೂ ಬಾರದವಳು. ಅತ್ತೆ ಹೊರಗೆ ನಿಂತು ಗೊಣಗುತ್ತಿದ್ದಳು.

“ಏನು ಉಂಡಿ?”

“ಏನೂ ಇಲ್ರಿ. ಸಾಯಾಕಿಗಿ ಊಟ ಯಾಕ್ರಿ?”

“ಸಾಯಾಕಿ ಅಂತ ಯಾರಂದ್ರು ನಿನಗ? ನಾ ಹೇಳೀನೇನು? ನಾ ಹೇಳೋ ತನಕ ಸಾಯೂಹಂಗಿಲ್ಲ, ತಿಳೀತಿಲ್ಲ? ನಾನೂ ನಿಮ್ಮೂರಾಕಿನೇ. ಮಕ್ಸೂದಗ ಹೇಳು, ಒಂದು ಕೆಂಪು ಬಾಳೆಹಣ್ಣು ಸುಲಿದು ಕೊಡ್ಲಿ. ನೀ ತಿನ್ನೋದು ನನಗ ಕೇಳಬೇಕು.”

ಬಂಡೆಮ್ಮ ಫೋನು ಹಿಡಿದುಕೊಂಡೇ ಪೂರ್ತಿ ಹಣ್ಣು ತಿಂದಳು. ಆ ಕಡೆಯಿಂದ ದೂರದಲ್ಲಿ ಯಾರೋ ಗಂಡಸು ಭೇಷ್ ಅಂದದ್ದು ಕೇಳಿ, ಬಾಯಲ್ಲಿ ಹಣ್ಣಿಟ್ಟುಕೊಂಡೇ ನಕ್ಕಳು.

*

ಸಿಸ್ಟರ್ ಬರುತ್ತಾರೆಂದು ಮಕ್ಸೂದ್ ಬೂತಿನ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ತನ್ನ ಕುರ್ಚಿಯನ್ನೇ ಹೊರಗೆ ಹಾಕಿದ್ದ. ಕುರ್ಚಿಯ ಪಕ್ಕದಲ್ಲಿ ಕೆಂಪು ಬಾಳೆಯ ಚಿಪ್ಪೊಂದನ್ನು ಇಟ್ಟಿದ್ದ. ಹೂವಿನ ಟೆಂಪೋ ಬಂದು ನಿಂತಾಗ, “ಮುಂದ ತಗೋರಿ, ಇಲ್ಲಿ ಸಿಸ್ಟರ್ ಗಾಡಿ ಬರೋದದ,” ಅಂದ.

ಹಲೀಮಾ ಇಳಿದಳು. “ಇದೇ ಮಕ್ಸೂದ್ ಭಾಯಿ.”

ಅವನು ಒಳಗೆ ಬಗ್ಗಿ ನೋಡಿದ. ತಲೆಯ ಮೇಲಿನ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟ.

ಬೆಂಚಿನ ಮೇಲೆ ಬಂಡೆಮ್ಮ ಕಂಬಳಿ ಹೊದ್ದು ನಡುಗುತ್ತಿದ್ದಳು. ಅವಳ ಅತ್ತೆ ಕೈ ಅಡ್ಡ ಚಾಚಿದಳು. “ಹೆಣದ ಗಾಡ್ಯಾಗ ನನ್ನ ಸೊಸೀನ ಕೂಡಸಂಗಿಲ್ರಿ! ಅಪಶಕುನ!”

ದೌಲಪ್ಪನೂ ಮಂದಿಯೂ ಸೇರಿ ಶೇವಂತಾಳನ್ನು ಇಳಿಸಿದರು. ಇಲ್ಲಿಂದ ಮಣ್ಣಿನವರೆಗೆ ಹೆಗಲ ಮೇಲೆ. ಬಂಡೆಮ್ಮ ಬೆಂಚಿನಿಂದ ಎದ್ದಳು. ಆ ಮುಖವನ್ನು ಬಹಳ ಹೊತ್ತು ನೋಡಿದಳು. ಜ್ವರದಿಂದ ಉರಿಯುವ ಅಂಗೈಯನ್ನು ತಣ್ಣನೆಯ ಕೆನ್ನೆಗೆ ಹಚ್ಚಿದಳು.

“ನನ್ನ ಕರಿಲಾಕ ಬಂದಾಳ, ಅತ್ತಿ,” ಅಂದಳು. “ಮ್ಯಾಲಕ್ಕಲ್ಲ, ದವಾಖಾನಿಗಿ. ಸಿಸ್ಟರ್ ಖುದ್ದು ಬಂದು ಕರದ್ರ ನಾ ಹೆಂಗ ಒಲ್ಲೆ ಅನ್ಲಿ?”

ಯಾರ ಕೈಗೂ ಕಾಯದೆ ತಾನೇ ಟೆಂಪೋದ ಸರಳು ಹಿಡಿದಳು. ಹಲೀಮಾ ಹಿಂದಿನಿಂದ ಎತ್ತಿದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, ತಾನೂ ಹತ್ತಿದಳು. ಟೆಂಪೋ ಕಲಬುರಗಿಯ ಕಡೆ ತಿರುಗಿತು. ಹೆಣ ಹೊತ್ತವರು ಊರೊಳಗೆ ತಿರುಗಿದರು.

*

ಭಂತೇಜಿ ದಾರಿಯಲ್ಲೇ ಸಿಕ್ಕರು. ದೊಡ್ಡಕ್ಕ ಬಸ್ಸಿಳಿದು ಓಡಿಬಂದು ಮುಖ ನೋಡಿದಳು, ಮಾಪಣ್ಣನಿಗೆ ಬೈದಳು, ಆಮೇಲೆ ಅವನನ್ನೇ ತಬ್ಬಿ ಅತ್ತಳು. ಬುದ್ಧ, ಧಮ್ಮ, ಸಂಘದ ಮೂರು ಶರಣ ಹೇಳಿ ಮಣ್ಣು ಕೊಟ್ಟರು. ಹೊತ್ತು ಮುಳುಗುವಾಗ ಎಲ್ಲರೂ ಬೂತಿನ ಮುಂದೆ ಬಂದು ಕೂತರು. ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಎಲ್ಲರ ಕಿವಿಯೂ ಒಂದೇ ಕಡೆ.

ಫೋನು ಬಾರಿಸಿತು. ಮಕ್ಸೂದ್ ಕೈ ಚಾಚಿದವನು ಹಿಂದಕ್ಕೆ ಸರಿದ. “ಚಾಚಾ, ನೀವೇ ಎತ್ರಿ.”

ಮಾಪಣ್ಣ ಅದನ್ನೇ ನೋಡಿದ. ಅಂಗೈಯ ಮಣ್ಣು ಧೋತರಕ್ಕೆ ಒರೆಸಿಕೊಂಡ. ಎತ್ತಿ ಕಿವಿಗೆ ಹಚ್ಚಿದ.

“ಏನು ಉಂಡಾಳ?”

“ಸರಿಹೊತ್ತಿಗಿ ಬಂದೀರಿ ಅಂದ್ರು ಡಾಕ್ಟರು,” ವಾರ್ಡಿನ ಫೋನಿನಿಂದ ಹಲೀಮಾ ಒಂದೇ ಉಸಿರಿಗೆ ಹೇಳುತ್ತಿದ್ದಳು. “ಸಲೈನ್ ಹಚ್ಚ್ಯಾರ, ಜ್ವರ ಇಳ್ಯಾಕತ್ತದ, ರಾತ್ರಿ ತನಕ ತಡಾ ಆಗಿದ್ರ...”

“ಅದಲ್ಲ ಬೇಟಿ. ಏನು ಉಂಡಾಳ ಹೇಳು.”

“ಗಂಜಿ ಚಾಚಾ! ಅರ್ಧ ಬಟ್ಟಲ. ಇನ್ನೂ ಬೇಕನ್ನಾಕತ್ತಾಳ!”

ಮಾಪಣ್ಣ ರಿಸೀವರ್ ಹಿಡಿದುಕೊಂಡೇ ರಸ್ತೆಯ ಕಡೆ ತಿರುಗಿದ. ಅವನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಊರಿಗೆ ಗೊತ್ತಿರಲಿಲ್ಲ.

“ಗಂಜಿ ಉಂಡಾಳ!”

ದೌಲಪ್ಪ, ಬೆಳಿಗ್ಗೆ ಫೋನು ತೆಗೆದಿಟ್ಟಿದ್ದ ಅದೇ ದೌಲಪ್ಪ, ಮಣ್ಣಾದ ಎರಡೂ ಕೈ ಮೇಲೆತ್ತಿದ.

“ಭೇಷ್!”

ಬೂತಿನ ಕಟ್ಟೆಯಿಂದ, ಚಹಾದಂಗಡಿಯಿಂದ, ಹೆಂಗಸರು ಕೂತ ಬೇವಿನ ಗಿಡದ ಬುಡದಿಂದ ಅದೇ ಮಾತು ಎದ್ದಿತು. ಮಾಪಣ್ಣ ರಿಸೀವರನ್ನು ಕಿವಿಯಿಂದ ತೆಗೆದು, ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಬಂಡೆಮ್ಮನಿಗೆ ಕೇಳಲೆಂದು, ತೋಳು ಚಾಚಿ ಜನರ ಕಡೆ ಹಿಡಿದ.