ಮೊಂತೆವೆಂತೊದ ಮಾತು

೧

ಎಲ್ಲಿಂದ ಶುರು ಮಾಡಲಿ? ಇಟಲಿಯ ಬೆಟ್ಟದ ಮೇಲೊಂದು ಹಳ್ಳಿ, ಏಳುನೂರು ವರ್ಷದ ಕಲ್ಲುಮನೆಗಳು, ಕಿಟಕಿಯಲ್ಲಿ ಕೆಂಪು ಹೂ. ಹೀಗೆ ಬರೆದರೆ ನೀವು ಪ್ರವಾಸಕಥನ ಅಂದುಕೊಂಡು ಫೋಟೋ ಹುಡುಕುತ್ತೀರಿ. ಡಿಲೀಟ್. ಬಹ್ರೇನ್‌ನ ಬಿಸಿಲಿನಿಂದ ಶುರು ಮಾಡಿದರೆ ಸೆಕೆಗೆ ಎದ್ದೇ ಹೋಗುತ್ತೀರಿ. ಅದೂ ಡಿಲೀಟ್.

ಪೆಟ್ರೊನಿಲ್ಲಾಳಿಂದಲೇ ಶುರು ಮಾಡುತ್ತೇನೆ.

೨

ಬೆಳ್ತಂಗಡಿ ಕಡೆಯ ಪೆಟ್ರೊನಿಲ್ಲಾ ಬಹ್ರೇನ್‌ಗೆ ಬಂದು ಹದಿನಾಲ್ಕು ವರ್ಷ. ಅದರಲ್ಲಿ ಹನ್ನೊಂದು ವರ್ಷ ಅವಳು ಜುಫೈರ್‌ನ ಫ್ಲಾಟೊಂದರಲ್ಲಿ ಅಸ್ಸುಂತಾ ಎಂಬ ಇಟಲಿಯ ಮುದುಕಿಯನ್ನು ನೋಡಿಕೊಂಡಳು. ಮಗ ಎಂಜಿನಿಯರ್, ಮನೆಯಲ್ಲಿರುತ್ತಿದ್ದುದೇ ಕಡಿಮೆ. ಮುದುಕಿಗೆ ಇಂಗ್ಲಿಷ್ ಬಾರದು, ನೆಟ್ಟಗಿನ ಇಟಾಲಿಯನ್ ಕೂಡ ಅಷ್ಟಕ್ಕಷ್ಟೆ. ಬಾಯಲ್ಲಿದ್ದದ್ದು ತನ್ನ ಹಳ್ಳಿಯ ಮಾತು. (ಹಳ್ಳಿಯ ಹೆಸರು ಮೊಂತೆವೆಂತೊ ಎಂದಿಟ್ಟುಕೊಳ್ಳಿ. ನಿಜವಾದದ್ದನ್ನು ಬರೆಯಲು ಪೆಟ್ರೊನಿಲ್ಲಾ ಬಿಡಲಿಲ್ಲ.) ಸ್ನಾನ ಮಾಡಿಸುತ್ತ, ಸೂಪು ಕುಡಿಸುತ್ತ ಅವಳು ಆ ಮಾತನ್ನು ಕಲಿತಳು. ಮೊದಲು ಬೈಗುಳ, ಪ್ರಾರ್ಥನೆ ಆಮೇಲೆ. ಕೊನೆಗೆ ಮುದುಕಿಗೆ ಮಗನ ಗುರುತೂ ಸಿಗದಾದಾಗ ಮಾತಿಗೆ ಮಾತು ಕೊಡುವವಳು ಇವಳೊಬ್ಬಳೇ.

ಎರಡು ವರ್ಷದ ಹಿಂದೆ ಅಸ್ಸುಂತಾ ತೀರಿಕೊಂಡಳು. ಮಗ ಶವವನ್ನು ಊರಿಗೆ ಒಯ್ದ. ಪೆಟ್ರೊನಿಲ್ಲಾ ಬಹ್ರೇನ್‌ನಲ್ಲೇ, ಮಾಹೂಝ್‌ನ ನಮ್ಮ ಮನೆಗೆ ಕೆಲಸಕ್ಕೆ ಬಂದಳು. ಕೊಂಕಣಿಗೆ, ತುಳುವಿಗೆ, ಹಿಂದಿಗೆ ಇಲ್ಲಿ ಬೇಕಾದಷ್ಟು ಜನ. ಆ ಮಾತಿಗೆ ಒಬ್ಬರೂ ಇಲ್ಲ. ಪಾತ್ರೆ ತೊಳೆಯುವಾಗ ಅವಳು ನಲ್ಲಿಯ ಜೊತೆ ಅದನ್ನಾಡುವುದನ್ನು ಕೇಳಿದ್ದೇನೆ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಅವಳು ಅತ್ತಳು ಅಂತ ಬರೆದಿದ್ದೆ. ಓದಿ ಹೇಳಿದರೆ ಸಿಟ್ಟು. "ನಾನೆಂತಕ್ಕೆ ಅಳುದು ಮೇಡಂ? ಬಾಯಿ ತುರಿಸ್ತಿತ್ತು, ಅಷ್ಟೆ.")

೩

ಕಳೆದ ಮೇ ತಿಂಗಳಲ್ಲಿ ಆ ಮಗ ವೀಸಾದ ಕಾಗದ, ಟಿಕೆಟ್ ಕಳಿಸಿದ. ಅಮ್ಮನ ಸಮಾಧಿ ನೋಡಿ ಹೋಗು ಅಂದ.

ಬಸ್ಸು ಬೆಟ್ಟದ ಬುಡದಲ್ಲೇ ಇಳಿಸಿತು. ಮೇಲೆ ಕಲ್ಲಿನ ಕಮಾನು, ಒಳಗೆ ಮೆಟ್ಟಿಲುಗಳೇ ಬೀದಿ. ದಾರಿ ತೋರಿಸಲು ಬಂದ ಮಗನಿಗೆ ಪೆಟ್ರೊನಿಲ್ಲಾಳೇ ದಾರಿ ತೋರಿಸಿದಳು; ಅಸ್ಸುಂತಾ ಹೇಳಿ ಹೇಳಿ ಊರೆಲ್ಲ ಅವಳಿಗೆ ಬಾಯಿಪಾಠ. ಮೊದಲು ಬಾವಿ, ಬಲಕ್ಕೆ ಊರಿನವರ ರೊಟ್ಟಿ ಒಲೆ. ಒಲೆ ಇದ್ದಲ್ಲಿ ಈಗ ಐಸ್‌ಕ್ರೀಮ್ ಅಂಗಡಿ. ಅವಳು ಆ ಹಳ್ಳಿಯ ಮಾತಿನಲ್ಲಿ ನೀರು ಕೇಳಿದ್ದೇ ಅಂಗಡಿಯ ಹುಡುಗಿ ಕಣ್ಣರಳಿಸಿದಳು: "ನಮ್ಮ ಮುತ್ತಜ್ಜಿ ಹೀಗೇ ಮಾತಾಡ್ತಿದ್ರು!"

ಸಮಾಧಿಗೆ ಹೂವಿಟ್ಟು, ಅಸ್ಸುಂತಾಳ ಅಕ್ಕನ ಮನೆಗೆ ಹೋದರು. ಅಕ್ಕ ಲೀನಾಗೆ ತೊಂಬತ್ತೊಂದು, ಕಣ್ಣು ಕಾಣಿಸದು. ತಂಗಿಯ ಗುಂಡಿಗೆ ತಾನೇ ಮಣ್ಣು ಹಾಕಿದ್ದವಳು. ಪೆಟ್ರೊನಿಲ್ಲಾ ಹೊಸ್ತಿಲಲ್ಲಿ ನಿಂತು, ಅದೇ ಮಾತಿನಲ್ಲಿ, "ಒಳಗೆ ಬರಲಾ?" ಅಂದಳು.

ಮುದುಕಿ ಕುರ್ಚಿಯಿಂದ ಎದ್ದುಬಿಟ್ಟಳು.

"ಅಸ್ಸುಂತಾ! ಎಷ್ಟು ತಡ ಮಾಡಿದೆಯೇ!"

೪

ಇಲ್ಲಿ ನಾನು ಸಿಕ್ಕಿಬಿದ್ದೆ. "ಹೌದು ಅಕ್ಕಾ, ನಾನೇ" ಎಂದಳು ಅಂತ ಬರೆದೆ.

"ನನ್ನತ್ರ ಸುಳ್ಳು ಹೇಳಿಸ್ತೀರಾ? ಕನ್ಫೆಶನಿಗೆ ನೀವು ಹೋಗ್ತೀರಾ?"

"ಅಲ್ಲ, ನಾನು ಪೆಟ್ರೊನಿಲ್ಲಾ" ಎಂದಳು ಅಂತ ಬದಲಿಸಿದೆ.

"ಅಷ್ಟು ಪ್ರಾಯದವರಿಗೆ ಹಾಗೆ ಹೇಳ್ಲಿಕ್ಕೆ ಮನಸ್ಸು ಬರ್ತದಾ ಮಾರಾಯ್ರೆ?"

"ಮತ್ತೇನು ಹೇಳಿದ್ರಿ?"

"ಕಾಲು ಊದಿತ್ತು ಅವರದ್ದು. ನೀರು ಬಿಸಿ ಮಾಡಿದೆ."

ಏಳು ದಿನ ಅವಳು ಕಾಲು ಒತ್ತಿದಳು, ಸೂಪು ಕುಡಿಸಿದಳು, ಇಬ್ಬರೂ ಸೇರಿ ಸತ್ತವರನ್ನೆಲ್ಲ ಆಡಿಕೊಂಡು ನಕ್ಕರು. ಕಥೆ ಇಷ್ಟೇ ಅಂದುಕೊಂಡಿದ್ದೆ. ನಿನ್ನೆ ಬಟ್ಟೆ ಮಡಚುತ್ತ ಅವಳು ಅಂದಳು: "ಅಸ್ಸುಂತಾಮ್ಮನಿಗೆ ಎಡಗೈಯ ಕಿರುಬೆರಳು ಇರ್ಲಿಲ್ಲ. ಸಣ್ಣದಿರುವಾಗ ಗಾಣಕ್ಕೆ ಸಿಕ್ಕಿದ್ದು. ಲೀನಮ್ಮ ಮೊದಲ ದಿನದಿಂದ ನನ್ನ ಎಡಗೈಯನ್ನೇ ಹಿಡ್ಕೊಂಡು ಕೂತಿದ್ರು."

"ಅಂದ್ರೆ ಅವರಿಗೆ ಗೊತ್ತಿತ್ತು!"

"ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

೫

ಇಟಲಿಯಿಂದ ಬಂದಾಗಿನಿಂದ ಪ್ರತಿ ಶುಕ್ರವಾರ (ಇಲ್ಲಿ ವಾರದ ರಜೆ ಅವತ್ತೇ), ಪೆಟ್ರೊನಿಲ್ಲಾ ಚರ್ಚಿನಿಂದ ಬಂದ ಮೇಲೆ, ಲೀನಾಳ ಫೋನು. ಬಾಲ್ಕನಿಯ ಉರಿಯಲ್ಲಿ ನಿಂತು ಅರ್ಧ ಗಂಟೆ ಮಾತಾಡುತ್ತಾಳೆ. ನನಗೆ ಒಂದಕ್ಷರ ತಿಳಿಯದು. ಆದರೆ ನಮ್ಮ ಮನೆಯಲ್ಲಿ ಬೇರೆ ಯಾವಾಗಲೂ ಅವಳು ಅಷ್ಟು ಜೋರಾಗಿ ನಕ್ಕದ್ದು ಕೇಳಿಲ್ಲ.

ಇವತ್ತು ಶುಕ್ರವಾರ. ಹನ್ನೆರಡೂವರೆ ಆಯಿತು, ಫೋನ್ ಬಂದಿಲ್ಲ. ಅವಳು ಮಾಡಿದ ಎರಡು ಕಾಲ್‌ಗಳನ್ನು ಯಾರೂ ಎತ್ತಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ.

ನನ್ನ ಹತ್ತಿರ ಎರಡು ಕೊನೆಗಳು ತಯಾರಿವೆ. ಒಂದರಲ್ಲಿ ಫೋನ್ ಬರುತ್ತದೆ. ಇನ್ನೊಂದನ್ನು ಟೈಪ್ ಮಾಡುತ್ತಿದ್ದೆ, ಬಾಲ್ಕನಿಯಿಂದ ಅವಳ ದನಿ ಬಂತು.

"ಮೇಡಂ, ಆ ಕೀಬೋರ್ಡ್ ಒಮ್ಮೆ ನಿಲ್ಸಿ. ರಿಂಗ್ ಆದ್ರೆ ಕೇಳ್ಬೇಕಲ್ಲ."