ಅಜ್ಜಿಯ ಹೊಟ್ಟೆಗೆ ಯಾವ ಎಣ್ಣೆ

"ನಿಮ್ಮಂಥೋರಿಗೆ ಒಳ್ಳೇದು ದಕ್ಕಲ್ಲ ಕಣೇ. ತಿಂದ್ರೂ ಕಾರ್ಕೋತೀರ. ನೋಡು, ನಿನ್ನ ಗಾಡೀನೂ ಹಾಗೇ ಕಾರ್ಕೊಂಡು ನಿಂತಿದೆ."

ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದ ಸೊಸೆಗೆ ಮಾತಾಡುವವನ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವನ ಬಿಳಿ ಬೂಟು ಮಾತ್ರ. ಬೂಟು ಎಣ್ಣೆಯ ಮಡುವಿನ ಅಂಚಿಗೆ ಬಂದು, ಮೂಸಿ ನೋಡಿದಂತೆ ನಿಂತು, ಹಿಂದಕ್ಕೆ ಸರಿಯಿತು. ಅವಳ ಕೆನ್ನೆಯ ಮೇಲೆ ಇನ್ನೊಂದು ಹನಿ ಬಿತ್ತು. ಎಂಜಿನ್ನಿನ ಮುಂದಿನ ಸೀಲು, ಹಿಂದಿನ ಸೀಲು, ಮುಚ್ಚಳದ ಅಂಚು, ಎಲ್ಲ ಕಡೆಯಿಂದಲೂ ಸೋರುತ್ತಿತ್ತು. ಒಂದು ಕಡೆ ಬೆರಳಿಟ್ಟು ತಡೆದರೆ ಗಾಡಿ ಇನ್ನೊಂದು ಕಡೆಯಿಂದ ಬಿಡುತ್ತಿತ್ತು.

"ಡ್ರಮ್ಮಿಂದ ಕದ್ದು ಕುಡಿಸಿದ್ದೀಯ ತಾನೇ? ಯಾವ ಬೋಳಿಮಗ ಕೊಟ್ಟ, ಹೇಳು."

ಬಾಯಿ ತೆರೆದರೆ ಎಣ್ಣೆ ಬೀಳುತ್ತದೆ ಎಂಬ ನೆಪ ಒಳ್ಳೆಯದಿತ್ತು. ಅವಳು ಇನ್ನೊಂದು ಸಂದಿಗೆ ಬೆರಳಿಟ್ಟಳು.

ಅವಳಿಗೆ ಸೊಸೆ ಎಂದು ಹೆಸರಿಟ್ಟವನೂ ಈ ಸಾಹುಕಾರನೇ. ಅವನ ಲಾರಿಗಳ ಅಂಗಳದಲ್ಲಿ ಎಲ್ಲಕ್ಕಿಂತ ಹಳೆಯ ಗಾಡಿಗೆ ಅಜ್ಜಿ ಎಂದು ಹೆಸರು. ಎಷ್ಟು ಓಡಿದ್ದಾಳೆಂದು ಹೇಳಬೇಕಾದ ಮೀಟರು ಎಣಿಸಿ ಎಣಿಸಿ ಸಾಕಾಗಿ ಎಂದೋ ನಿಂತುಬಿಟ್ಟಿತ್ತು. ಅಜ್ಜಿಯ ಹಳೆಯ ಡ್ರೈವರ್ ಒಂದು ದಿನ ಸಂತೆಗೆ ಹೋಗಿ ಬರುತ್ತೇನೆಂದು ಹೋದವನು ಬೇರೆ ಊರಿನ ಬಸ್ಸು ಹತ್ತಿಬಿಟ್ಟ. ಆಗ ಸಾಹುಕಾರ ಸುತ್ತ ನೋಡಿ, ಮೂಟೆ ಹೊರುವ ಗುಂಪಿನಲ್ಲಿದ್ದ ಇವಳತ್ತ ಕೈ ತೋರಿಸಿ, ಮುದುಕಿಯ ಚಾಕರಿಗೆ ಒಬ್ಬ ಸೊಸೆ ಬೇಕು, ಹತ್ತೇ ಮೇಲೆ ಎಂದಿದ್ದ. ಹೇಳಿದ್ದು ತಮಾಷೆಗೆ. ಅಂಗಳವೂ ಮೈತುಂಬ ನಕ್ಕಿತು. ಗಾಡಿಗಳನ್ನು ಹಿಂದೆ ಮುಂದೆ ಸರಿಸಿ ಕೈ ಪಳಗಿಸಿಕೊಂಡಿದ್ದ ಇವಳು ಹತ್ತಿದಳು. ನಗು ಮುಗಿಯುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಆಮೇಲೆ ಅವಳು ಇಳಿಯಲಿಲ್ಲ.

ಮೂಟೆ ಹೊರುವಾಗ ಅವಳು ಕಂಡ ಲೋಕವೆಂದರೆ ಮುಂದೆ ನಡೆಯುವವನ ಹಿಮ್ಮಡಿ. ಸೀಟಿನ ಮೇಲಿಂದ ರಸ್ತೆ ಕಾಣುತ್ತದೆ, ಮರದ ತುದಿ ಕಾಣುತ್ತದೆ, ಮನೆಗಳ ಮಹಡಿಯಲ್ಲಿ ಬಟ್ಟೆ ಒಣಗಿಸುವವರು ಕಾಣುತ್ತಾರೆ. ಒಮ್ಮೆ ಯಾರೋ ಮಹಡಿಯಿಂದ ಅವಳಿಗೆ ಕೈ ಬೀಸಿದ್ದರು. ಅದನ್ನು ಅವಳು ಗಂಡನಿಗೆ ಹೇಳಿ ಹೇಳಿ, ಅವನು ಈಗ ದಿನಾ ಮನೆಗೆ ಬಂದ ಕೂಡಲೇ, ಇವತ್ತು ಯಾರು ಕೈ ಬೀಸಿದ್ರು ಎಂದು ಕೇಳುತ್ತಾನೆ. ಅವನು ಇನ್ನೂ ಮೂಟೆಯ ಗುಂಪಿನಲ್ಲೇ ಇದ್ದಾನೆ.

ಆ ಅಂಗಳದಲ್ಲಿ ಒಂದು ಕಟ್ಟಳೆ ಇತ್ತು. ಗಾಡಿ ಯಾರ ಕೈಯಲ್ಲಿ ಸಾಯುತ್ತದೋ ಅವರು ಸೀಟು ಬಿಟ್ಟು ಮೂಟೆಗೆ ಇಳಿಯಬೇಕು. ಇನ್ನೊಂದು ಕಟ್ಟಳೆ ಎಣ್ಣೆಯದು. ಶೆಡ್ಡಿನಲ್ಲಿದ್ದ ನೀಲಿ ಡ್ರಮ್ಮಿನ ಹೊಸ ಆಯಿಲ್ ಹೊಸ ಗಾಡಿಗಳಿಗೆ. ಅವು ಕುಡಿದು, ಸುಟ್ಟು, ಕಪ್ಪಗೆ ಮಾಡಿ ಬಿಟ್ಟದ್ದನ್ನು ಹಳೆಯ ಹೊದಿಕೆಯಲ್ಲಿ ಸೋಸಿ ತಗಡಿನ ಡಬ್ಬಕ್ಕೆ ತುಂಬುತ್ತಿದ್ದರು. ಹಳೆಯ ಗಾಡಿಗಳಿಗೆ ಅದು. ಅಂಗಳದ ಊಟದ ಮನೆಯಲ್ಲೂ ಇದೇ ಲೆಕ್ಕ. ಮೊದಲು ಆಫೀಸಿನವರು, ಆಮೇಲೆ ಹೊಸ ಗಾಡಿಯ ಡ್ರೈವರುಗಳು, ಆಮೇಲೆ ಹಳೆಯ ಗಾಡಿಯವರು. ಕೊನೆಗೆ ತಳ ಕೆರೆದದ್ದು ಮೂಟೆಯವರಿಗೆ.

ಆ ಡಬ್ಬದ ಎಣ್ಣೆಯಲ್ಲಿ ಅಜ್ಜಿ ಬದುಕಿದ್ದಳು, ಅಷ್ಟೇ. ಬೆಳಿಗ್ಗೆ ಎದ್ದೇಳಲು ಮೂಟೆಯ ಗುಂಪು ಪೂರ್ತಿ ಬೆನ್ನು ಕೊಟ್ಟು ತಳ್ಳಬೇಕಿತ್ತು. ಎಂಜಿನ್ ಬಿಸಿಯಾದರೆ ಎಣ್ಣೆ ನೀರಾಗಿ, ಆಯಿಲ್ ಮೀಟರಿನ ಮುಳ್ಳು ಮಲಗಿಬಿಡುತ್ತಿತ್ತು. ಏರಿನಲ್ಲಿ ಒಳಗಿಂದ ಟಕಟಕ ಎಂದು ಬಡಿತ. ಇದನ್ನು ನೋಡಲಾರದೆ ಮೀಸೆ ಎಂದೇ ಹೆಸರಾದ ಹೊಸ ಗಾಡಿಯ ಡ್ರೈವರ್, ತನ್ನ ಗಾಡಿಗೆ ಆಯಿಲ್ ಬದಲಿಸುವ ದಿನ, ಡ್ರಮ್ಮಿನಿಂದ ಇಳಿಸಿದ್ದರಲ್ಲಿ ಅರ್ಧವನ್ನು ಇವಳಿಗೆ ಕೊಟ್ಟ. ಒಳ್ಳೆಯದು ಅಂದರೆ ದುಬಾರಿಯದ್ದು, ದುಬಾರಿಯದ್ದು ಅಂದರೆ ಹೊಸ ಗಾಡಿ ಕುಡಿಯುವಂಥದ್ದು. ಇಬ್ಬರೂ ಇಷ್ಟೇ ಯೋಚಿಸಿದ್ದು. ಹುಟ್ಟಿದಾಗಿನಿಂದ ಒಳ್ಳೆಯದನ್ನು ಆರಿಸುವ ಕೆಲಸ ಬಂದಿದ್ದರೆ ತಾನೇ ಗೊತ್ತಾಗುವುದು.

ಮಾರನೆಯ ಬೆಳಿಗ್ಗೆ ಅಜ್ಜಿ ಚಾವಿ ತಿರುಗಿಸಿದ ಕೂಡಲೇ ಎದ್ದಳು. ತಳ್ಳಲು ಬೆನ್ನು ಕೊಟ್ಟು ನಿಂತಿದ್ದವರು ದೊಪ್ಪೆಂದು ಹಿಂದಕ್ಕೆ ಬಿದ್ದರು. ಬಿದ್ದಲ್ಲೇ ಚಪ್ಪಾಳೆ ತಟ್ಟಿದರು. ಸಾಹುಕಾರನಿಗೆ ಸಂಶಯ ಹುಟ್ಟಿದ್ದೇ ಆ ಚಪ್ಪಾಳೆಯಿಂದ. ವಾರ ಕಳೆಯುವಷ್ಟರಲ್ಲಿ ಸೋರಿಕೆ ಶುರುವಾಯಿತು.

ಬಿಳಿ ಬೂಟು ಆಫೀಸಿನ ಕಡೆ ಹೋದ ಮೇಲೆ ಭಾವ ಬಂದು ಅವಳ ಪಕ್ಕದಲ್ಲೇ ಮಲಗಿದ. ಅಂಗಳದ ಮೆಕ್ಯಾನಿಕ್, ಅವಳ ಗಂಡನ ಅಣ್ಣ. ಎಂಜಿನ್ನಿನ ಹೊಟ್ಟೆಗೆ ಬೆರಳು ತಾಗಿಸಿ, ಎರಡು ಬೆರಳ ನಡುವೆ ಎಣ್ಣೆ ಉಜ್ಜಿ ನೋಡಿದ.

"ನನಗೊಂದು ಮಾತು ಕೇಳಬಾರದಿತ್ತೇನಮ್ಮಾ?"

"ಕೇಳಿದ್ರೆ ಬೇಡ ಅಂತಿದ್ರಿ ಭಾವ."

"ಬೇಡ ಅಂತಲೇ ಅಂತಿದ್ದೆ."

ನಗು ಬಂತು ಇಬ್ಬರಿಗೂ. ಭಾವ ಬಿಡಿಸಿ ಹೇಳಿದ. ಎಣ್ಣೆ ಹೊರಬರದಂತೆ ತಡೆಯುವ ಅಜ್ಜಿಯ ಸೀಲುಗಳೆಲ್ಲ ಎಂದೋ ಸವೆದು ಒಣಗಿವೆ. ಸಂದಿಗಳನ್ನು ಇಷ್ಟು ದಿನ ಮುಚ್ಚಿಟ್ಟದ್ದು ಆ ಡಬ್ಬದ ಎಣ್ಣೆಯ ಕೊಳೆ. ಹೊಸ ಗಾಡಿಯ ಆಯಿಲ್ ನೀರಿನ ಹಾಗೆ ತೆಳು, ಜೊತೆಗೆ ತೊಳೆಯುವ ಗುಣ ಬೇರೆ. ಕೊಳೆಯನ್ನೆಲ್ಲ ತೊಳೆದು, ಆ ಸಂದಿಗಳಿಂದಲೇ ಹೊರಗೆ ಬಂದುಬಿಟ್ಟಿದೆ.

ಹಾಗಾದರೆ ಡಬ್ಬದ್ದೇ ಮತ್ತೆ ಹಾಕೋಣವೇ ಎಂದು ಅವಳು ಕೇಳಿದಳು. ಭಾವ ತಲೆಯಾಡಿಸಿದ. ಕೊಳೆ ಹೋಗಿಯಾಯಿತು, ಅದೂ ಈಗ ನಿಲ್ಲುವುದಿಲ್ಲ. ನಿಂತರೂ, ಮೂಟೆ ಹೇರಿಕೊಂಡು ಗುಡ್ಡ ಹತ್ತಿದರೆ ಎಂಜಿನ್ ಅರ್ಧ ಏರಿನಲ್ಲಿ ಬಿಗಿದು ಹಿಡಿದುಕೊಂಡು ನಿಂತೇ ಹೋಗುತ್ತದೆ. ಬೇಕಾದದ್ದು ಗಟ್ಟಿ ಆಯಿಲ್. ತುಂಬಾ ಓಡಿ ಸವೆದ ಎಂಜಿನ್ನಿಗೆಂದೇ ಮಾಡುತ್ತಾರೆ, ಡಬ್ಬದ ಮೇಲೆ ಇಪ್ಪತ್ತು ಐವತ್ತು ಎಂದು ಬರೆದಿರುತ್ತದೆ. ಸವೆದ ಜಾಗದಲ್ಲಿ ದಪ್ಪಗೆ ನಿಲ್ಲುತ್ತದೆ, ಒಣಗಿದ ಸೀಲನ್ನು ಮೆತ್ತಗೆ ಮಾಡುತ್ತದೆ. ಹೊಸ ಗಾಡಿಯದ್ದಕ್ಕಿಂತ ಕಡಿಮೆ ಬೆಲೆಗೇ ಸಿಗುತ್ತದೆ.

"ಕಡಿಮೆ ಬೆಲೆಗಾ?" ಅವಳು ಎದ್ದು ಕೂರಲು ಹೋಗಿ ಹಣೆಯನ್ನು ಗಾಡಿಯ ಅಚ್ಚಿಗೆ ಹೊಡೆದುಕೊಂಡಳು. "ಮತ್ತೆ ಯಾಕೆ ತರಿಸಲ್ಲ ಆ ಮನುಷ್ಯ?"

"ಹಳೇ ಗಾಡಿಗೆ ಅಂತ ಅಂಗಡಿಯಿಂದ ಏನನ್ನೂ ತರಿಸಿದ್ದೇ ಇಲ್ಲಮ್ಮ. ಅಭ್ಯಾಸ ತಪ್ಪಿಹೋಗುತ್ತಲ್ಲ."

ಆಫೀಸಿನ ನೆಲ ಅವತ್ತೇ ಒರೆಸಿದ್ದರು. ಸೊಸೆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದಂತೆ ಗುಮಾಸ್ತ ಓಡಿ ಬಂದು ಹೊಸಿಲಿನ ಹೊರಗೆ ಖಾಲಿ ಗೋಣಿಚೀಲ ಹಾಸಿ, ಅದರ ಮೇಲೆ ನಿಲ್ಲು ಎಂದ. ಒಳಗೆ ಫ್ಯಾನಿನ ಕೆಳಗೆ ಕೂತ ಸಾಹುಕಾರ ತಟ್ಟೆಯಿಂದ ಬಿಸ್ಕತ್ತು ಎತ್ತಿ ಚಹಾಕ್ಕೆ ಅದ್ದುತ್ತಿದ್ದ. ಅವಳು ಭಾವ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಗುಡ್ಡದ ಮೇಲಿನ ಕಟ್ಟಡಕ್ಕೆ ಇವತ್ತೇ ಸಿಮೆಂಟು ಹೋಗಬೇಕಲ್ಲ, ಗಟ್ಟಿ ಆಯಿಲ್ ತರಿಸಿಕೊಟ್ಟರೆ ಮಧ್ಯಾಹ್ನಕ್ಕೆ ಹೊರಡುತ್ತೇನೆ ಎಂದಳು.

"ಗಟ್ಟಿ ಬೇಕಾ?" ಸಾಹುಕಾರ ಬಿಸ್ಕತ್ತು ನುಂಗಿದ. "ಡಬ್ಬದ್ದನ್ನೇ ಒಲೆ ಮೇಲಿಟ್ಟು ಕುದಿಸಮ್ಮ. ಗಟ್ಟಿ ಆಗುತ್ತೆ. ಸಾರು ಮಾಡಕ್ಕೆ ಬರಲ್ವಾ ನಿನಗೆ?"

ಗುಮಾಸ್ತ ನಕ್ಕ. ಲೆಕ್ಕದವನೂ ನಕ್ಕ.

"ಕುದಿಸಿದ್ರೆ ಹತ್ತಿಕೊಂಡು ಉರಿಯುತ್ತೆ ಸಾಹುಕಾರ್ರೇ."

"ಉರೀಲಿ. ನಿನ್ನ ಮನೆ ಒಲೆ ತಾನೇ?" ಅವನು ಲೋಟ ಕೆಳಗಿಟ್ಟ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ಕೇಳು. ಡಬ್ಬದ್ದು ಸುರಿದು ಗಾಡಿ ಎತ್ತು. ದಾರೀಲಿ ಎಂಜಿನ್ ಹೋಯ್ತೋ, ಕದ್ದು ಕುಡಿಸಿದ್ದಕ್ಕೇ ಹೋಯ್ತು ಅಂತ ಎಲ್ಲರ ಮುಂದೆ ನೀನೇ ಹೇಳಬೇಕು. ನಾಳೆಯಿಂದ ಗಂಡನ ಹಿಂದೆ ಮೂಟೆ ಹೊರು. ಹೊರಡಲ್ಲ ಅಂದ್ರೆ ಈಗಲೇ ಹೊರು. ಯಾವುದು ಅಂತ ನೀನೇ ಆರಿಸ್ಕೋ. ನಾನೇನು ಕೆಟ್ಟವನಲ್ಲ."

ಅವಳು ಗೋಣಿಚೀಲದ ಮೇಲಿಂದ ಇಳಿದಳು. ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋದ.

ಅಂಗಳದಲ್ಲಿ ಮೂಟೆಯ ಗುಂಪು ಅಜ್ಜಿಯ ಸುತ್ತ ನಿಂತಿತ್ತು. ಹೇರುವುದೋ ಬೇಡವೋ ಎಂದು ಯಾರೂ ಹೇಳಿರಲಿಲ್ಲ. ಗಂಡ ಅವಳ ಮುಖ ನೋಡಿದ. ಅವನ ಬಲ ಹೆಗಲು ಎಡಕ್ಕಿಂತ ಕೆಳಗಿಳಿದು ವರ್ಷಗಳಾಗಿದ್ದವು. ಅಂಗಿ ಒಣಹಾಕಿದರೆ ಹಗ್ಗದ ಮೇಲೂ ಅದು ಸೊಟ್ಟಗೇ ನೇತಾಡುತ್ತಿತ್ತು.

"ಏನಂತೆ?" ಎಂದ.

"ಆರಿಸ್ಕೋ ಅಂದ."

"ಪರವಾಗಿಲ್ವೇ. ನನಗೆ ಇಷ್ಟು ವರ್ಷದಲ್ಲಿ ಒಂದು ಸಲಾನೂ ಅನ್ನಲಿಲ್ಲ."

ಅವಳು ನಕ್ಕಳು. ಶೆಡ್ಡಿನ ಕಡೆ ನಡೆದಳು. ಅಲ್ಲಿ ಮೀಸೆಯ ಹೊಸ ಗಾಡಿ ಮುಂದಿನ ಮುಚ್ಚಳ ತೆರೆದುಕೊಂಡು ನಿಂತಿತ್ತು. ಮತ್ತೆ ಆಯಿಲ್ ಬದಲಿಸುವ ಸರದಿ. ಮೊನ್ನೆ ಅಜ್ಜಿಗೆ ಕೊಟ್ಟಿದ್ದು ಗೊತ್ತಾಗದಿರಲೆಂದು ಅವನು ಅವತ್ತು ತನ್ನ ಗಾಡಿಗೆ ಅರ್ಧ ಹಳೆಯದನ್ನೇ ಬಿಟ್ಟಿದ್ದನಂತೆ, ಎಂಜಿನ್ ಗೊಣಗತೊಡಗಿತ್ತಂತೆ. ಹಳೆಯದೆಲ್ಲ ಇಳಿಸಿಯಾಗಿತ್ತು, ಹೊಟ್ಟೆ ಖಾಲಿ. ಮೀಸೆ ಅವಳನ್ನು ನೋಡಿ ತಲೆ ತಗ್ಗಿಸಿದ. ಹೆಸರು ಹೇಳಿದಳೋ ಏನೋ ಎಂಬ ಭಯ ಅವನ ಮೀಸೆಯ ತುದಿಯಲ್ಲೂ ಕಾಣುತ್ತಿತ್ತು.

"ಹೇಳಿಲ್ಲ ಬಿಡಪ್ಪ," ಎಂದಳು.

ಸೋಸಿಟ್ಟ ಎಣ್ಣೆಯ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಭಾರ ಇತ್ತು, ಆದರೆ ಸಿಮೆಂಟಿನ ಭಾರ ಅಲ್ಲ. ಅಷ್ಟು ಹೊತ್ತಿಗೆ ಬಿಳಿ ಬೂಟು ಆಫೀಸಿನ ಮೆಟ್ಟಿಲಿಗೆ ಬಂದಿತ್ತು. ಹಿಂದೆ ಗುಮಾಸ್ತ, ಲೆಕ್ಕದವನು. ಅವಳು ಯಾವುದನ್ನು ಆರಿಸಿದಳೆಂದು ನೋಡಲು ಬಂದಿದ್ದರು.

ಅವಳು ಅಜ್ಜಿಯ ಕಡೆ ಹೆಜ್ಜೆ ಹಾಕಬೇಕಿತ್ತು. ಹಾಕಲೂ ಹೊರಟಿದ್ದಳು. ಆದರೆ ಎದುರಿಗೆ ನೀಲಿ ಡ್ರಮ್ಮು ಮುಚ್ಚಳ ತೆರೆದುಕೊಂಡು ಕೂತಿತ್ತು. ಒಳಗೆ ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ ಬಗ್ಗಿ ನೋಡಿದರೆ ತನ್ನದೇ ಮುಖ, ಕೆನ್ನೆಯ ಮೇಲಿನ ಕರಿ ಹನಿಯ ಸಮೇತ. ಅವಳು ಸ್ವಲ್ಪ ಹೊತ್ತು ಆ ಮುಖವನ್ನು ನೋಡಿದಳು. ಆಮೇಲೆ ಡಬ್ಬವನ್ನು ಡ್ರಮ್ಮಿನ ಬಾಯಿಗೆ ಬಗ್ಗಿಸಿದಳು.

ಕರಿ ಎಣ್ಣೆ ಗಳಗಳ ಇಳಿಯಿತು. ಮೊದಲು ಒಂದು ಸುರುಳಿ, ಆಮೇಲೆ ಮೋಡ, ಆಮೇಲೆ ಡ್ರಮ್ಮಿನ ತುಂಬ ಅದೇ. ಕೊನೆಯ ಹನಿಗಾಗಿ ಅವಳು ಡಬ್ಬದ ತಳವನ್ನು ಎರಡು ಸಲ ತಟ್ಟಿದಳು.

"ಈಗ ಎಲ್ಲಾ ಗಾಡಿಗೂ ಒಂದೇ ಪಂಕ್ತಿ ಸಾಹುಕಾರ್ರೇ."

ಬಿಳಿ ಬೂಟು ಓಡಿ ಬಂತು, ಮಡು ಗಿಡು ನೋಡದೆ. ಸಾಹುಕಾರ ಡ್ರಮ್ಮಿಗೆ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಮೇಲಿನದ್ದನ್ನು ಮೊಗೆದು ಚೆಲ್ಲೋ, ತಳದ್ದು ಚೆನ್ನಾಗೇ ಇರುತ್ತೆ, ನಿನ್ನ ಗಾಡಿಗೆ ತಳದ್ದು ತೆಗೆದು ಹಾಕ್ಕೋ ಎಂದು ಮೀಸೆಗೆ ಹೇಳಿದ. ಮೀಸೆ ಕದಲಲಿಲ್ಲ. ಕೈಯಲ್ಲಿದ್ದ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಜೇಬಿನಿಂದ ಚಾವಿ ತೆಗೆದು ಡ್ರಮ್ಮಿನ ಅಂಚಿನ ಮೇಲೆ ಇಟ್ಟ.

"ನನ್ನ ಗಾಡಿಗೆ ಎಂಜಲು ಹಾಕಲ್ಲ. ನೀವೇ ಕಲಿಸಿದ್ದು."

"ಏ ಹಲ್ಕಾ—"

"ಅವತ್ತು ಅಕ್ಕನಿಗೆ ಕೊಟ್ಟಿದ್ದೂ ನಾನೇ. ಬೈಯೋದಿದ್ರೆ ಎರಡನ್ನೂ ಸೇರಿಸಿ ಬೈದುಬಿಡಿ, ಊಟದ ಹೊತ್ತಾಯ್ತು."

ಮೂಟೆಯ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಗಂಡ ಅಜ್ಜಿಯ ನೆರಳಿನಲ್ಲಿ ಸಿಮೆಂಟಿನ ಚೀಲಗಳ ಮೇಲೆ ಕೂತ. ಅವನು ಕೂತದ್ದನ್ನು ನೋಡಿ ಉಳಿದವರೂ ಕೂತರು. ಭಾವ ಪಾನಾಗಳನ್ನು ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೂತ. ಗುಡ್ಡದ ಕಟ್ಟಡದವರು ಆಫೀಸಿಗೆ ಫೋನು ಮಾಡುತ್ತಿದ್ದರು. ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಎತ್ತಬೇಕಾದ ಗುಮಾಸ್ತ ಮೆಟ್ಟಿಲ ಮೇಲೆಯೇ ನಿಂತಿದ್ದ.

ಅಷ್ಟರಲ್ಲಿ ಸೊಸೆ ಅಜ್ಜಿಯ ಸೀಟು ಹತ್ತಿ ಬಾಗಿಲು ಎಳೆದುಕೊಂಡಿದ್ದಳು. ಎಂಜಿನ್ನಿನ ಹೊಟ್ಟೆಯಲ್ಲಿ ಹನಿ ಎಣ್ಣೆ ಇಲ್ಲ, ಎಲ್ಲಿಗೂ ಹೋಗುವಂತಿಲ್ಲ. ಸಾಹುಕಾರ ಕೆಳಗೆ ಬಂದು ನಿಂತ.

"ಇಳಿಯೇ ಕೆಳಗೆ. ಮುಗೀತು ನಿನ್ನ ಸೀಟು."

"ಗಟ್ಟಿ ಆಯಿಲ್ ತರಿಸಿ. ಇಪ್ಪತ್ತು ಐವತ್ತು. ಗುಡ್ಡ ಹತ್ತಿಸ್ತೀನಿ."

"ಇಳೀತೀಯೋ ಎಳೆದು ಹಾಕಿಸಲೋ, ಮುಂಡೇದೇ?"

ಎಳೆದು ಹಾಕುವವರು ಯಾರೆಂದು ಅವನು ತಿರುಗಿ ನೋಡಿದ. ಮೂಟೆಯವರೆಲ್ಲ ಕೂತಿದ್ದರು. ಹತ್ತಿರ ನಿಂತಿದ್ದ ಲೆಕ್ಕದವನು ತನ್ನ ಅಂಗಿಯ ತೋಳನ್ನು ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಸಾಹುಕಾರ ಮತ್ತೆ ಇವಳ ಕಡೆ ತಿರುಗಿ, ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದ.

ಹಾರ್ನಿಗೆ ಎಣ್ಣೆ ಬೇಕಿಲ್ಲ. ಸೊಸೆ ಅಂಗೈ ಪೂರ್ತಿ ಅದರ ಮೇಲಿಟ್ಟು ಒತ್ತಿದಳು. ಅಜ್ಜಿಯ ಗಂಟಲು ಇನ್ನೂ ಗಟ್ಟಿಯಿತ್ತು. ರಸ್ತೆಯಾಚೆ ಮಹಡಿಗಳಲ್ಲಿ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡತೊಡಗಿದರು. ಕೆಳಗೆ ಸಾಹುಕಾರನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಅವಳು ಕೈ ತೆಗೆಯಲಿಲ್ಲ.